‘ಫಿಕ್ಸ್ ಆಲ್’ ಒತ್ತುವ ಮುಂಚೆ

ಸಂಸೆ,
ಪುನರ್ವಸು ಮಳೆ, ಬುಧವಾರ

ಚಿ. ಮೈತ್ರಿಗೆ ಸೋದರಮಾವನ ಆಶೀರ್ವಾದಗಳು.

ಫೋನಿನಲ್ಲಿ ನಿನ್ನ ಅರ್ಧ ಮಾತಷ್ಟೇ ನನಗೆ ಸಿಕ್ಕಿದ್ದು. ನಮ್ಮ ಕಡೆ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ, ನಿನಗೆ ಗೊತ್ತೇ ಇದೆ. ಸಿಕ್ಕ ಅರ್ಧದಲ್ಲೇ ವಿಷಯ ತಿಳಿಯಿತು. ಮೂಡಿಗೆರೆಯ ನಿನ್ನ ಅಂಗಡಿಯ ದೊಡ್ಡ ಕಂಪ್ಯೂಟರ್ ತೀರಾ ನಿಧಾನವಾಗಿದೆ. ಯಾರೋ ಪುಕ್ಕಟೆ ರಿಜಿಸ್ಟ್ರಿ ಕ್ಲೀನರ್ ಒಂದನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದಾರೆ. ಅದನ್ನು ಓಡಿಸಿದರೆ ಸಾವಿರದ ಚಿಲ್ಲರೆ ದೋಷಗಳು ಕೆಂಪಕ್ಷರದಲ್ಲಿ ಸಾಲುಗಟ್ಟಿ ನಿಂತಿವೆ, ಕೆಳಗೆ ‘ಫಿಕ್ಸ್ ಆಲ್’ ಅಂತ ಹಸಿರು ಗುಂಡಿ. ‘ಒತ್ತಲಾ ಮಾವಾ?’ ಅಂದೆ ನೀನು. ‘ಒತ್ತಬೇಡ ಮಾರಾಯ್ತಿ’ ಅಂತ ನಾನು ಕೂಗಿದ್ದು ಮೂಡಿಗೆರೆ ಮುಟ್ಟಿತೋ ಇಲ್ಲವೋ ದೇವರೇ ಬಲ್ಲ. ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ಆ ಕೆಲಸಕ್ಕೆ ಕೂರುತ್ತೇನೆ ಅಂದಿದ್ದು ಮಾತ್ರ ಕೇಳಿಸಿತು. ಅಷ್ಟರೊಳಗೆ ನಿನ್ನ ಕೈ ಸೇರಲಿ ಅಂತ, ನಾಡಿದ್ದು ಮೂಡಿಗೆರೆ ಆಸ್ಪತ್ರೆಗೆ ಹೊರಟಿರುವ ಪಕ್ಕದ ಮನೆಯವರ ಹತ್ತಿರ ಈ ಕಾಗದ ಕೊಡುತ್ತಿದ್ದೇನೆ. ನಿನ್ನ ಅತ್ತೆ ಲಾಟೀನು ಹಚ್ಚಿಕೊಟ್ಟು, ‘ಒಂದು ಸಾಲಲ್ಲಿ ಬೇಡ ಅಂತ ಬರೆದರೆ ಸಾಲದಾ’ ಅಂತ ಗೊಣಗಿ ಹೋದಳು. ಸಾಲದು. ಬೇಡ ಅಂದರೆ ಏಕೆ ಅಂತ ಕೇಳುವ ಹುಡುಗಿ ನೀನು, ಚಿಕ್ಕವಳಿದ್ದಾಗಿನಿಂದ ಹಾಗೇ.

ನಾನು ಕಂಪ್ಯೂಟರ್ ಮುಟ್ಟಿದ್ದು ಕುದುರೆಮುಖ ಟೌನ್‌ಶಿಪ್ಪಿನಲ್ಲಿ, ತೊಂಬತ್ತರ ದಶಕದ ಕೊನೆಗೆ. ಆಗ ಗಣಿ ಇನ್ನೂ ನಡೆಯುತ್ತಿತ್ತು. 1976ರಲ್ಲಿ ಗಣಿಯ ಕಂಪನಿ ಹುಟ್ಟಿದಾಗ ಇರಾನಿನ ಶಾ ದುಡ್ಡು ಕೊಡುತ್ತಾನೆ, ಅದಿರನ್ನೆಲ್ಲ ಅವನೇ ಕೊಳ್ಳುತ್ತಾನೆ ಅಂತ ಮಾತಾಗಿತ್ತಂತೆ. 1979ರಲ್ಲಿ ಅವನ ಸಿಂಹಾಸನವೇ ಹೋಯಿತು. ಆದರೂ ಬೆಟ್ಟ ಅಗೆದರು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು, ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಸಿನಿಮಾ, ಬೇಕರಿ ಎಲ್ಲ ಬಂದವು. ಸಂಜೆ ಹೊತ್ತು ಅಲ್ಲಿ ಒಬ್ಬ ಮೇಷ್ಟ್ರು ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ನಾನು ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಮುಗಿಸಿ, ಬಸ್ಸು ಹತ್ತಿ ಹೋಗಿ ಕೂರುತ್ತಿದ್ದೆ. ಮಕ್ಕಳ ಸಾಲಿನಲ್ಲಿ ಒಬ್ಬನೇ ಮೀಸೆಯವನು. ಆ ಮೇಷ್ಟ್ರಿಗೊಂದು ಚಾಳಿಯಿತ್ತು. ಯಂತ್ರದಲ್ಲಿ ಏನನ್ನಾದರೂ ಬದಲಿಸುವ ಮುಂಚೆ ಮೊದಲು ಹೇಗಿತ್ತು ಅನ್ನುವುದನ್ನು ರೂಳು ಹಾಕಿದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು, ಟೌನ್‌ಶಿಪ್ಪು ಖಾಲಿಯಾಗುತ್ತಾ ಬಂತು, ಮೇಷ್ಟ್ರೂ ಊರು ಬಿಟ್ಟರು. ಆ ಚಾಳಿ ಮಾತ್ರ ನನಗೆ ಅಂಟಿತು, ಅದೂ ತಡವಾಗಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ನೆನಪನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗ. ಮೊದಲೆಲ್ಲ ಒಂದೊಂದು ಪ್ರೋಗ್ರಾಮೂ ತನ್ನ ಸೆಟ್ಟಿಂಗನ್ನು ಒಂದೊಂದು ಸಣ್ಣ ಕಡತದಲ್ಲಿ ಇಟ್ಟುಕೊಳ್ಳುತ್ತಿತ್ತು. 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಅವೆಲ್ಲ ಬಹುಮಟ್ಟಿಗೆ ಒಂದೇ ಕಡೆ ಸೇರಿದವು. ಯಾವ ಕಡತವನ್ನು ಯಾವ ಪ್ರೋಗ್ರಾಂ ತೆರೆಯಬೇಕು, ಪ್ರಿಂಟರ್ ಯಾವುದು, ಫಾಂಟುಗಳು ಯಾವುವು, ಯಂತ್ರ ಚಾಲೂ ಆಗುವಾಗ ಯಾವ ಯಾವ ಡ್ರೈವರ್ ಎದ್ದು ನಿಲ್ಲಬೇಕು, ಕೀಲಿಮಣೆ ಯಾವ ವಿನ್ಯಾಸದ್ದು, ಇಂಥ ಲಕ್ಷಾಂತರ ಸಾಲು ಅಲ್ಲಿವೆ. ಡಿಸ್ಕಿನಲ್ಲಿ ಹುಡುಕಿದರೆ ವಿಂಡೋಸ್ ಫೋಲ್ಡರಿನ ಒಳಗೆ ಸಿಸ್ಟಮ್32, ಅದರೊಳಗೆ ಕಾನ್‌ಫಿಗ್ ಎಂಬಲ್ಲಿ ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್ ಎಂಬ ಹೆಸರಿನ ಕಡತಗಳಾಗಿ ಕೂತಿವೆ. ನಿನ್ನ ಸ್ವಂತ ಸೆಟ್ಟಿಂಗು ನಿನ್ನ ಹೆಸರಿನ ಫೋಲ್ಡರಿನಲ್ಲಿ ಬೇರೆಯೇ ಇದೆ. ಇದರಲ್ಲಿ ಎಷ್ಟೋ ಸಾಲು ಅಳಿಸಿದರೂ ನಿನಗೆ ತಿಳಿಯುವುದೇ ಇಲ್ಲ. ಕೆಲವನ್ನು ಅಳಿಸಿದರೆ ಯಂತ್ರ ಏಳುವುದೇ ಇಲ್ಲ. ಯಾವುದು ಯಾವ ಜಾತಿಯದು ಅಂತ ಮೇಲ್ನೋಟಕ್ಕೆ ಹೇಳಲಾಗದು, ತಾಪತ್ರಯ ಇರುವುದು ಅಲ್ಲಿಯೇ.

ಹಾಗಾದರೆ ಆ ಕ್ಲೀನರ್ ಹೇಗೆ ಹೇಳುತ್ತದೆ? ಅದಕ್ಕೆ ಗೊತ್ತಿರುವ ವಿದ್ಯೆ ಬಲು ಸಣ್ಣದು. ಒಂದು ಸಾಲಿನಲ್ಲಿ ‘ಇಂಥ ಕಡತ ಇಂಥಲ್ಲಿದೆ’ ಅಂತ ಬರೆದಿದ್ದರೆ, ಅಲ್ಲಿಗೆ ಹೋಗಿ ನೋಡುತ್ತದೆ. ಕಡತ ಸಿಗದಿದ್ದರೆ ‘ದೋಷ’ ಅಂತ ಗುರುತು ಹಾಕುತ್ತದೆ. ಆ ಕಡತ ಈ ಕ್ಷಣ ಯಾಕೆ ಅಲ್ಲಿಲ್ಲ ಅಂತ ಕೇಳುವ ವಿವೇಕ ಅದಕ್ಕಿಲ್ಲ. ಪೆನ್‌ಡ್ರೈವ್ ಕಿತ್ತಿಟ್ಟಿರಬಹುದು, ಪಕ್ಕದ ಕಂಪ್ಯೂಟರ್ ಆರಿಸಿರುವುದರಿಂದ ನೆಟ್‌ವರ್ಕ್ ಡ್ರೈವ್ ಕಾಣದೆ ಹೋಗಿರಬಹುದು. ಕೆಲವು ಪ್ರೋಗ್ರಾಮುಗಳಂತೂ ಬೇಕೆಂದೇ ಖಾಲಿ ಸಾಲು ಬಿಟ್ಟಿರುತ್ತವೆ. ಪರವಾನಗಿಯ ಗುರುತನ್ನು ಅಂಥ ಕಡೆ ಇಡುವುದೂ ಉಂಟು.

ತೋಟದಲ್ಲಿ ಗಿಡಗಸಿ ಮಾಡುವಾಗ ಹೊಸ ಆಳಿನ ಕೈಗೆ ಕತ್ತರಿ ಕೊಟ್ಟರೆ ಏನಾಗುತ್ತದೆ, ನಿನಗೆ ಹೇಳಬೇಕಿಲ್ಲ. ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಅರೇಬಿಕಾ ಗಿಡ ನೋಡಲು ಬಡಕಲು. ಎಲೆ ಉದುರಿ, ಬರಿ ರೆಂಬೆ ನಿಂತಿರುತ್ತದೆ. ಹೊಸಬ ಅದನ್ನು ಒಣಗಿದ್ದು ಅಂತ ಸವರಿಬಿಡುತ್ತಾನೆ. ಹಳೇ ಆಳು ಗೆಣ್ಣು ನೋಡುತ್ತಾನೆ, ಗೆಣ್ಣಿನಲ್ಲಿ ಮೊಗ್ಗು ಮುದುಡಿಕೊಂಡು ಹೂಮಳೆಗೆ ಕಾಯುತ್ತಿರುವುದು ಅವನಿಗೆ ಗೊತ್ತು. ಮಳೆ ಬಿದ್ದು ಹತ್ತು ದಿನದೊಳಗೆ ಆ ಬಡಕಲು ರೆಂಬೆಯೇ ಬೆಳ್ಳಗೆ ಹೂ ಹೊತ್ತು ನಿಲ್ಲುತ್ತದೆ. ನಿನ್ನ ಕ್ಲೀನರ್ ಆ ಹೊಸ ಆಳು. ಬೆರಳಗುರುತು ಓದುವ ಯಂತ್ರದ್ದೋ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಬಂದಾಗ ಮಾತ್ರ ಚುಚ್ಚುವ ಡಿಜಿಟಲ್ ಸಹಿಯ ಟೋಕನ್ನಿನದೋ ಸಾಲುಗಳು ಅದರ ಕಣ್ಣಿಗೆ ಒಣ ರೆಂಬೆಯಂತೆ ಕಾಣಬಹುದು.

ನನ್ನದೇ ಒಂದು ಪ್ರಸಂಗ ಉಂಟು, ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಕಾಲ. ತೋಟದ ಲೆಕ್ಕದ ಪ್ರೋಗ್ರಾಮನ್ನು ಹೊರಗಿನ ಡಿಸ್ಕಿನಲ್ಲಿ ಹಾಕಿ, ಕೆಲಸ ಮುಗಿದ ಮೇಲೆ ಡಿಸ್ಕನ್ನು ಯಜಮಾನರ ಬೀರುವಿನಲ್ಲಿಟ್ಟು ಬೀಗ ಹಾಕುವುದು ರೂಢಿ. ಒಂದು ದಿನ ಡಿಸ್ಕು ಬೀರುವಿನಲ್ಲಿದ್ದಾಗ ನಾನು ಇಂಥದೇ ಒಂದು ಕ್ಲೀನರ್ ಓಡಿಸಿ, ಪಟ್ಟಿ ಓದದೆ ಎಲ್ಲಕ್ಕೂ ಒಪ್ಪಿಗೆ ಕೊಟ್ಟೆ. ಮಾರನೆಯ ದಿನ ಪ್ರೋಗ್ರಾಂ ತೆರೆಯಲಿಲ್ಲ. ಲೆಕ್ಕ ಒಂದಕ್ಷರವೂ ಹೋಗಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. ಚಿಕ್ಕಮಗಳೂರಿನಿಂದ ಜನ ಬಂದು ಮತ್ತೆ ಹಾಕಿಕೊಡುವ ತನಕ ಬಟವಾಡೆಯನ್ನು ಕೈಬರಹದಲ್ಲೇ ಮಾಡಿದೆವು. ಅಷ್ಟೇ.

ಮೂಡಿಗೆರೆಯಲ್ಲಿ ಕೂತು ಲಗ್ನಪತ್ರಿಕೆ ಮಾಡುವವಳಿಗೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಿನ್ನ ಅಂಗಡಿಯ ಅನ್ನ ಅರ್ಧ ಬರುವುದು ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟುಗಳಿಂದ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ನಾವು ಕುಣಿದದ್ದು ನೆನಪಿದೆ. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಿಮ್ಮೂರಿನ ತಮ್ಮ ‘ನಿರುತ್ತರ’ ಮನೆಯಲ್ಲಿ ಕೂತು ಸಾಹಿತಿ ತೇಜಸ್ವಿಯವರು ಕನ್ನಡ ತಂತ್ರಾಂಶದ ವಿಷಯವನ್ನೇ ಹಿಡಿದು ಮಾತಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ತಂತ್ರಾಂಶ ಬಂದದ್ದರ ಹಿಂದೆಯೂ ಅವರ ಒತ್ತಾಸೆ ಇತ್ತು. ತೋಟ, ಏರೋಪ್ಲೇನ್ ಚಿಟ್ಟೆ, ಮೀನು ಅಂತ ಓಡಾಡುವ ಮನುಷ್ಯನಿಗೆ ಇದೇಕೆ ಬೇಕಿತ್ತು ಅಂತ ಆಗ ಕೆಲವರು ನಕ್ಕರು. ಕನ್ನಡ ಕಂಪ್ಯೂಟರಿನೊಳಗೆ ನೆಟ್ಟಗೆ ಕೂರದಿದ್ದರೆ ಮುಂದೆ ಕನ್ನಡದವರಿಗೇ ಕಷ್ಟ ಅನ್ನುವುದು ಅವರಿಗೆ ನಮಗಿಂತ ಮೊದಲೇ ಹೊಳೆದಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ವಿಷಯ ಏನೆಂದರೆ, ಯೂನಿಕೋಡ್ ಅಲ್ಲದ ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ತೊಡಿಸಿ ಕೂತಿರುವಂಥವು. ಫಾಂಟು ಎಲ್ಲಿದೆ ಅಂತ ಹೇಳುವ ಸಾಲು ಇರುವುದೂ ರಿಜಿಸ್ಟ್ರಿಯಲ್ಲೇ. ಆ ಸಾಲು ಹೋದರೆ ‘ಚಿ. ರಾ.’ ಇರಬೇಕಾದ ಕಡೆ ಅರ್ಥವಿಲ್ಲದ ಅಕ್ಷರ, ಚುಕ್ಕಿ, ಕೊಕ್ಕೆ ಬರುತ್ತವೆ. ನೀನು ಜಾಗ ಉಳಿಸಲು ಫಾಂಟುಗಳನ್ನು ಹೊರಗಿನ ಡಿಸ್ಕಿನಲ್ಲಿಟ್ಟು ಇಲ್ಲಿ ಬರೀ ಶಾರ್ಟ್‌ಕಟ್ ಹಾಕಿದ್ದೀಯೆ ಅಂತ ಒಮ್ಮೆ ಹೇಳಿದ್ದೆ. ಡಿಸ್ಕು ಚುಚ್ಚದೆ ಕ್ಲೀನರ್ ಓಡಿಸಿದರೆ ಅವೆಲ್ಲ ‘ಕಾಣೆಯಾದ ಫಾಂಟು’ಗಳ ಪಟ್ಟಿಗೆ ಬೀಳುತ್ತವೆ. ಆ ಕೆಂಪು ಪಟ್ಟಿಯಲ್ಲಿ ಈಗಲೂ ಇರಬಹುದು, ಹೋಗಿ ನೋಡು.

ಸರಿ, ಇಷ್ಟೆಲ್ಲ ಅಪಾಯ ಹೊತ್ತುಕೊಂಡು ಮಾಡಿದರೆ ಯಂತ್ರ ಚುರುಕಾದರೂ ಆಗುತ್ತದಾ? ಇಲ್ಲ ಕಣೆ. ವಿಂಡೋಸ್ ಇಡೀ ರಿಜಿಸ್ಟ್ರಿಯನ್ನು ಮೊದಲಿಂದ ಕೊನೆವರೆಗೆ ಓದುತ್ತಾ ಕೂರುವುದಿಲ್ಲ. ಬೇಕಾದ ಸಾಲು ಎಲ್ಲಿದೆಯೋ ಆ ದಾರಿ ಹಿಡಿದು ನೇರ ಅಲ್ಲಿಗೇ ಹೋಗುತ್ತದೆ. ಲಕ್ಷಗಟ್ಟಲೆ ಸಾಲಿನಲ್ಲಿ ಸಾವಿರ ಅನಾಥ ಸಾಲು ಕಳೆದರೆ ನಿನ್ನ ಕೈಗೆ ತಿಳಿಯುವಂಥ ವ್ಯತ್ಯಾಸ ಏನೂ ಬಾರದು. ವಿಂಡೋಸ್ 95, 98ರ ಕಾಲ ಬೇರೆ. ಆಗ ಮೆಮೊರಿ ಬಡತನದ್ದು, ರಿಜಿಸ್ಟ್ರಿಯೂ ದುರ್ಬಲ. ಮೈಕ್ರೋಸಾಫ್ಟೇ ರೆಜ್‌ಕ್ಲೀನ್ ಅಂತ ಒಂದು ಉಪಕರಣ ಕೊಟ್ಟಿತ್ತು, ಆಮೇಲೆ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಈಗ ಅದೇ ಕಂಪನಿಯ ಅಧಿಕೃತ ನಿಲುವು ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಅಂತ. ಅವುಗಳಿಂದ ಕೆಟ್ಟದ್ದನ್ನು ವಿಂಡೋಸ್ ಮತ್ತೆ ಹಾಕದೆಯೇ ಸರಿಮಾಡಬಹುದು ಎಂಬ ಖಾತರಿಯನ್ನೂ ಅದು ಕೊಡುವುದಿಲ್ಲ. ಯಂತ್ರಕ್ಕೆ ಆ ನೆನಪು ಬರೆದುಕೊಟ್ಟವರೇ ಹೀಗೆ ಹೇಳುವಾಗ, ಪೆನ್‌ಡ್ರೈವಿನಲ್ಲಿ ಬಂದ ಅತಿಥಿಯನ್ನು ನಂಬುವುದು ಹೇಗೆ?

ನಿನ್ನ ಯಂತ್ರ ನಿಧಾನವಾಗಿರುವುದಕ್ಕೆ ಕಾರಣ ಬೇರೆಲ್ಲೋ ಇದೆ. ನಮ್ಮ ಸೀಮೆಯಲ್ಲಿ ಮೊದಲು ಹುಡುಕಬೇಕಾದ್ದು ಕರೆಂಟಿನಲ್ಲಿ. ಆಷಾಢದಲ್ಲಿ ಮರ ಬಿದ್ದು ತಂತಿ ಕಡಿಯುತ್ತದೆ, ಬಂದ ಕರೆಂಟು ದಿನಕ್ಕೆ ಎಷ್ಟು ಸಲ ಕೈಕೊಡುತ್ತದೋ ಲೆಕ್ಕವಿಲ್ಲ. ಡಿಸ್ಕಿನ ಮೇಲೆ ಬರೆಯುತ್ತಿರುವಾಗ ಕರೆಂಟು ಹೋದರೆ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ವಿಂಡೋಸ್ ಇದಕ್ಕೆಂದೇ ಬದಲಾವಣೆಗಳನ್ನು ಮೊದಲು ಲಾಗ್ ಕಡತದಲ್ಲಿ ಬರೆದುಕೊಂಡು, ಆಮೇಲೆ ರಿಜಿಸ್ಟ್ರಿಗೆ ಸೇರಿಸುತ್ತದೆ. ಹಾಗಾಗಿ ಹೆಚ್ಚಿನ ಸಲ ಪಾರಾಗುತ್ತದೆ, ಪ್ರತಿ ಸಲವೂ ಅಲ್ಲ. ನಿನ್ನ ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತು? ಹೋದ ಸಲ ಬಂದಾಗ ಅದು ಬರೇ ಸ್ಟೂಲಿನಂತೆ ಫ್ಲವರ್‌ಪಾಟ್ ಹೊತ್ತುಕೊಂಡು ಕೂತಿತ್ತು. ಕ್ಲೀನರಿಗೆ ಕೊಡುವ ದುಡ್ಡು, ಪುಕ್ಕಟೆಯಾದರೆ ಅದಕ್ಕೆ ಕೊಡುವ ಭಾನುವಾರ, ಆ ಬ್ಯಾಟರಿಗೆ ಹೋಗಲಿ.

ಎರಡನೆಯದು ಡಿಸ್ಕು. ಅದು ಇನ್ನೂ ತಿರುಗುವ ಹಳೇ ಹಾರ್ಡ್ ಡಿಸ್ಕು ತಾನೆ? ಎಸ್‌ಎಸ್‌ಡಿ ಹಾಕಿಸು, ಬೇರೆ ಏನೂ ಮಾಡದೆ ಯಂತ್ರ ಎದ್ದು ಓಡುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ನಮ್ಮ ತೋಟದ ಆಫೀಸಿನ ಹಳೇ ಯಂತ್ರವನ್ನು ಹಾಗೇ ಬದುಕಿಸಿದೆವು. ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಸೆಟ್ಟಿಂಗ್ಸಿನಲ್ಲಿರುವ ಸ್ಟೋರೇಜ್ ಸೆನ್ಸ್‌ನಿಂದ ತಾತ್ಕಾಲಿಕ ಕಡತ ತೆಗೆ, ಅದು ವಿಂಡೋಸಿನ ಸ್ವಂತ ಪೊರಕೆ. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ನೋಡಿ, ಬೆಳಿಗ್ಗೆ ಏಳುವಾಗಲೇ ಜತೆಗೇ ಏಳುವ ಬೇಡದವನ್ನು ಸುಮ್ಮನಿರಿಸು. ವಿಂಡೋಸಿನ ಕಡತವೇ ಕೆಟ್ಟಿದೆ ಅನ್ನುವ ಗುಮಾನಿ ಇದ್ದರೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆಯಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕೊಡು. ಡಬ್ಬ ಬಿಚ್ಚಿ ಫ್ಯಾನಿನ ಧೂಳು, ಮಳೆಗಾಲದ ಬೂಷ್ಟು ಒರೆಸು. ಅಂಗಡಿಯ ಗೋಡೆ ಅಳುತ್ತಿದ್ದರೆ ಯಂತ್ರವನ್ನು ಗೋಡೆಯಿಂದ ದೂರ ಸರಿಸು. ಇಷ್ಟಾದ ಮೇಲೂ ನಿಧಾನವಿದ್ದರೆ ನನಗೆ ಹೇಳು.

ಆ ಪುಕ್ಕಟೆ ಅತಿಥಿಯ ವಿಷಯ ಇನ್ನೂ ಮುಗಿದಿಲ್ಲ. ಈ ವ್ಯಾಪಾರದ ಗುಟ್ಟು ಸ್ಕ್ಯಾನಿನಲ್ಲಿದೆ. ಸ್ಕ್ಯಾನ್ ಪುಕ್ಕಟೆ, ದೋಷ ಖಂಡಿತ ಸಿಗುತ್ತದೆ, ಸರಿಮಾಡಲು ದುಡ್ಡು. ದೋಷ ಸಿಗದೆ ಹೋದರೆ ಅವರ ಅಂಗಡಿ ನಡೆಯುವುದೇ ಇಲ್ಲ. ಅಮೆರಿಕದಲ್ಲಿ ಆಫೀಸ್ ಡಿಪೊ ಅಂತ ದೊಡ್ಡ ಅಂಗಡಿಸಾಲು ಇದೆ. ಅಲ್ಲಿ ಗಿರಾಕಿಗಳ ಕಂಪ್ಯೂಟರಿಗೆ ಆರೋಗ್ಯ ತಪಾಸಣೆ ಅಂತ ಒಂದು ಪ್ರೋಗ್ರಾಂ ಓಡಿಸುತ್ತಿದ್ದರು. ‘ನಿಧಾನವಾಗಿದೆಯಾ?’ ‘ಪಾಪ್‌ಅಪ್ ಬರುತ್ತದಾ?’ ಅಂಥ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಅಂದರೂ ಸಾಕು, ಸ್ಕ್ಯಾನ್ ಏನೇ ಕಂಡಿರಲಿ, ಕೆಟ್ಟ ತಂತ್ರಾಂಶದ ಲಕ್ಷಣ ಇದೆ ಅಂತ ಪರದೆಯ ಮೇಲೆ ಬರುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು, 2019ರಲ್ಲಿ ಆ ಅಂಗಡಿ 2.5 ಕೋಟಿ ಡಾಲರ್, ತಂತ್ರಾಂಶ ಕೊಟ್ಟ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 2024ರಲ್ಲಿ ಅದೇ ಕಮಿಷನ್ನು ಸೈಪ್ರಸ್‌ನ ರೆಸ್ಟೋರೊ, ರೀಇಮೇಜ್ ಎಂಬೆರಡು ಕಂಪನಿಗಳನ್ನು ಹಿಡಿಯಿತು. ಹುಸಿ ಎಚ್ಚರಿಕೆ ತೋರಿಸಿ ಜನರನ್ನು ಹೆದರಿಸಿ ರಿಪೇರಿ ಮಾರಿದರು ಅನ್ನುವುದು ಆರೋಪ, ಇತ್ಯರ್ಥವಾದದ್ದು 2.6 ಕೋಟಿ ಡಾಲರಿಗೆ. ನಿನ್ನ ಪರದೆಯ ಕೆಂಪಕ್ಷರ ನೋಡಿ ಎದೆ ಹೊಡೆದುಕೊಂಡಿತಲ್ಲ, ಆ ಕೆಂಪು ಬಣ್ಣವನ್ನು ಆರಿಸಿದ್ದೇ ಅದಕ್ಕಾಗಿ.

‘ಹೆಸರುವಾಸಿಯಾದ್ದನ್ನೇ ಹಾಕಿಕೊಂಡರೆ?’ ಅಂತ ನೀನು ಕೇಳುವುದು ನನಗಿಲ್ಲಿಂದಲೇ ಕೇಳಿಸುತ್ತಿದೆ. ಸಿಕ್ಲೀನರ್‌ಗಿಂತ ಹೆಸರುವಾಸಿ ಯಾವುದಿತ್ತು? 2017ರ ಆಗಸ್ಟ್‌ನಲ್ಲಿ ಕಳ್ಳರು ಅದನ್ನು ತಯಾರಿಸುವ ಕಡೆಯೇ ನುಗ್ಗಿ, ಅಧಿಕೃತವಾಗಿ ಬಿಡುಗಡೆಯಾದ 5.33ನೇ ಆವೃತ್ತಿಯೊಳಗೇ ತಮ್ಮ ಸರಕು ಸೇರಿಸಿದ್ದರು. ಗೊತ್ತಾಗುವಷ್ಟರಲ್ಲಿ ಸುಮಾರು 22.7 ಲಕ್ಷ ಯಂತ್ರಗಳಿಗೆ ಅದು ಹೋಗಿತ್ತು. ಜನ ಸರಿಯಾದ ಜಾಗದಿಂದಲೇ ಇಳಿಸಿಕೊಂಡಿದ್ದರು, ಏನೂ ಅಡ್ಡದಾರಿ ಹಿಡಿದಿರಲಿಲ್ಲ. ಕಂಪನಿಯವರು ಆಮೇಲೆ ಸರಿಪಡಿಸಿದರು, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರದ ಒಳಮನೆಗೆ ಹೋಗುವ ಅಧಿಕಾರ ಯಾವ ತಂತ್ರಾಂಶಕ್ಕೆ ಕೊಟ್ಟರೂ ಅದರ ಹಿಂದೆ ಬರುವವರಿಗೂ ಕೊಟ್ಟಂತೆ. ಪರದೆಯ ಮೇಲೆ ಫೋನ್ ನಂಬರು ತೋರಿಸಿ ‘ತಕ್ಷಣ ಕರೆಮಾಡಿ’ ಅನ್ನುವುದು ಬಂದರೆ ಕರೆಮಾಡದೆ ಆ ಕಿಟಕಿ ಮುಚ್ಚು. ಯಾರಾದರೂ ಗಿರಾಕಿ ಹಾಗೆ ದುಡ್ಡು ಕಳೆದುಕೊಂಡು ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸು.

ಇಷ್ಟು ಹೇಳಿದ ಮೇಲೂ ಒಮ್ಮೊಮ್ಮೆ ಕೈ ಹಾಕಲೇಬೇಕಾಗುತ್ತದೆ. ಅರ್ಧಕ್ಕೆ ಕೆಟ್ಟ ಪ್ರಿಂಟರ್ ಡ್ರೈವರು ಹೊಸದನ್ನು ಹಾಕಲು ಬಿಡದೆ ಅಡ್ಡ ಕೂತಿರುತ್ತದೆ. ತೆಗೆದ ಆಂಟಿವೈರಸ್ಸಿನ ಬಾಲ ಉಳಿದಿರುತ್ತದೆ. ಅಂಥಾಗ ಮೊದಲು ಆ ಪ್ರೋಗ್ರಾಂ ಮಾಡಿದವರೇ ಕೊಡುವ ತೆಗೆಯುವ ಉಪಕರಣ ಇದೆಯಾ ನೋಡು, ಹಲವಕ್ಕೆ ಇರುತ್ತದೆ. ಇಲ್ಲದಿದ್ದರೆ, ತೆಗೆದದ್ದು ಬೇಕಾಯಿತು ಅನ್ನಿಸಿದಾಗ ವಾಪಸು ಬರುವ ದಾರಿ ಮಾಡಿಕೊಂಡು ಕೂರು. ಎಲ್ಲ ಬಿಟ್ಟು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೋ ಮಗಾ, ಉಳಿದದ್ದು ಮಾವನ ಹರಟೆ.

ದಾರಿ ಅಂದರೆ ಏನು? ಸ್ಟಾರ್ಟಿನಲ್ಲಿ ‘ರಿಸ್ಟೋರ್ ಪಾಯಿಂಟ್’ ಅಂತ ಹುಡುಕು. ಬರುವ ಕಿಟಕಿಯಲ್ಲಿ ಸಿ ಡ್ರೈವಿನ ಎದುರು ಪ್ರೊಟೆಕ್ಷನ್ ‘ಆನ್’ ಇದೆಯಾ ನೋಡು. ವಿಂಡೋಸ್ 10, 11 ಇರುವ ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ಇದೆ ಅಂದುಕೊಂಡು ಇಲ್ಲದೆ ಹೋದವರೇ ಹೆಚ್ಚು. ಆನ್ ಮಾಡಿ, ದಿನಾಂಕ ಸಮೇತ ಹೆಸರು ಕೊಟ್ಟು ಒಂದು ಪಾಯಿಂಟ್ ಮಾಡಿಕೋ. ಹಿಂದೆ ವಿಂಡೋಸ್ 98 ತಾನೇ ದಿನಾ ರಿಜಿಸ್ಟ್ರಿಯ ನಕಲು ತೆಗೆದು ಐದು ನಕಲು ಕಾಪಾಡುತ್ತಿತ್ತು. ಆಮೇಲಿನ ವಿಂಡೋಸ್‌ಗಳೂ ರೆಜ್‌ಬ್ಯಾಕ್ ಫೋಲ್ಡರಿನಲ್ಲಿ ಇಡುತ್ತಿದ್ದವು. 2018ರ ವಿಂಡೋಸ್ 10ರಿಂದ ಆ ರೂಢಿಯನ್ನೂ ನಿಲ್ಲಿಸಿದರು. ಫೋಲ್ಡರ್ ಇರುತ್ತದೆ, ಒಳಗಿನ ಕಡತಗಳ ತೂಕ ಸೊನ್ನೆ. ಅದನ್ನು ನಂಬಿ ಕೂರಬೇಡ.

ರಿಸ್ಟೋರ್ ಪಾಯಿಂಟ್ ನಿನ್ನ ಲಗ್ನಪತ್ರಿಕೆ, ಫೋಟೊಗಳನ್ನು ಕಾಯುವುದಿಲ್ಲ, ಅವನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕು. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು, ನೀನು ತೆಗೆಯಬೇಕೆಂದಿರುವ ಕೊಂಬೆಯನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿಡು. ಇದರಲ್ಲೊಂದು ಸೂಕ್ಷ್ಮ ಇದೆ: ಆ ಕಡತವನ್ನು ಮತ್ತೆ ಸೇರಿಸಿದರೆ ಅಳಿಸಿದ ಸಾಲು ವಾಪಸು ಬರುತ್ತದೆ, ನಡುವೆ ಹೊಸದಾಗಿ ಸೇರಿದ ಸಾಲು ಹೋಗುವುದಿಲ್ಲ. ಪೂರಾ ಹಿಂದಿನ ಸ್ಥಿತಿಗೆ ಹೋಗಬೇಕಾದರೆ ಇಡೀ ಡಿಸ್ಕಿನ ಇಮೇಜ್ ಬೇಕು. ಅದಕ್ಕೇ ಹೊರಗಿನ ಡಿಸ್ಕೊಂದನ್ನು ಈ ಕಾಗದದ ಜತೆ ಕಳಿಸುತ್ತಿದ್ದೇನೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಸಿಸ್ಟಮ್ ಇಮೇಜ್ ಮಾಡುವ ಹಳೇ ಉಪಕರಣ ಇನ್ನೂ ಇದೆ, ಅದೇ ಸಾಕು.

ಯಂತ್ರ ಏಳದೇ ಹೋದರೆ ಗಾಬರಿ ಬೀಳಬೇಡ. ಕೆಲವು ಸಲ ಏಳಲು ಹೋಗಿ ಸೋತ ಮೇಲೆ ವಿಂಡೋಸ್ ತಾನೇ ರಿಕವರಿ ಪರದೆಗೆ ಬರುತ್ತದೆ, ಅಲ್ಲಿಂದ ರಿಸ್ಟೋರ್ ಪಾಯಿಂಟಿಗೆ ಹೋಗಬಹುದು. ಆದರೆ ಡಿಸ್ಕು ಬಿಟ್‌ಲಾಕರಿನಿಂದ ಮುಚ್ಚಿದ್ದರೆ ಅದು 48 ಅಂಕೆಯ ಕೀಲಿ ಕೇಳಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೇ ತಿಳಿಯದೆ ಮುಚ್ಚಿರುವುದುಂಟು. ಕೀಲಿ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ದಾರಿ ಇದ್ದೂ ಬಾಗಿಲು ತೆರೆಯದು.

ಇಷ್ಟೆಲ್ಲ ಮಾಡಿ, ಆದರೂ ಕ್ಲೀನರಿನ ಪಟ್ಟಿಗೇ ಬಂದರೆ, ‘ಫಿಕ್ಸ್ ಆಲ್’ ಅನ್ನುವ ಗುಂಡಿ ಇದೆ ಅನ್ನುವುದನ್ನೇ ಮರೆತುಬಿಡು. ಎಲ್ಲ ಟಿಕ್ಕುಗಳನ್ನು ತೆಗೆದುಹಾಕು. ನೀನೇ ಹಾಕಿ, ನೀನೇ ತೆಗೆದ ಪ್ರೋಗ್ರಾಮಿನ ಹೆಸರು ಕಂಡರೆ ಅದೊಂದಕ್ಕೆ ಟಿಕ್ ಹಾಕು. ಹಂಚಿಕೆಯ ಡಿಎಲ್‌ಎಲ್, ಕಾಮ್, ಆಕ್ಟಿವ್‌ಎಕ್ಸ್, ಸರ್ವಿಸ್, ಫಾಂಟು ಅಂತ ಬರೆದ ಕಡೆ ಕೈ ಬೇಡ. ಒಂದು ತೆಗೆ, ಯಂತ್ರ ಮರುಚಾಲೂ ಮಾಡು, ಪ್ರಿಂಟರ್, ಬೆರಳಗುರುತಿನ ಯಂತ್ರ, ಫಾಂಟು ಎಲ್ಲ ನೋಡು. ಒಂದು ವಾರ ಕೆಲಸ ನಡೆದ ಮೇಲೆ ಬ್ಯಾಕಪ್ ಅಳಿಸುವ ಯೋಚನೆ ಮಾಡು. ಜಿಎಸ್‌ಟಿಯ ಕೊನೇ ದಿನ, ಮಕ್ಕಳ ಅರ್ಜಿಯ ಕೊನೇ ದಿನ, ಮದುವೆ ಸೀಸನ್ನಿನ ಹಿಂದಿನ ರಾತ್ರಿ ಇಂಥ ಕೆಲಸಕ್ಕೆ ಕೂರಲೇಬೇಡ.

ನಿನ್ನ ಸ್ವಂತ ಯಂತ್ರದ್ದು ಹೇಗೋ ಆಯಿತು. ನನಗೆ ನಿದ್ದೆ ಬಾರದಿರುವುದು ಗಿರಾಕಿಗಳ ಯಂತ್ರ ನೆನೆದು. ಸರ್ವೀಸಿಗೆ ಬಂದ ಎಲ್ಲ ಲ್ಯಾಪ್‌ಟಾಪಿಗೂ ಅಂಗಡಿಯ ಹುಡುಗ ಇದೇ ಕ್ಲೀನರ್ ಓಡಿಸಿ ‘ಕ್ಲೀನಿಂಗ್’ ಅಂತ ಬಿಲ್ಲಿನಲ್ಲಿ ಒಂದು ಸಾಲು ಸೇರಿಸುತ್ತಾನೆ ಅಂತ ನಿನ್ನ ಅಮ್ಮ ಹೆಮ್ಮೆಯಿಂದಲೇ ಹೇಳಿದಳು. ಒಬ್ಬರ ಲ್ಯಾಪ್‌ಟಾಪಿನಲ್ಲಿ ತೋಟದ ಹತ್ತು ವರ್ಷದ ಲೆಕ್ಕ ಇರುತ್ತದೆ, ಇನ್ನೊಬ್ಬರದರಲ್ಲಿ ಸೊಸೈಟಿಯ ಸಾಲದ ಕಾಗದ. ಅದರಲ್ಲಿ ಏನು ಚುಚ್ಚುತ್ತಾರೆ, ಏನು ಕೀಳುತ್ತಾರೆ ಅನ್ನುವುದು ಹುಡುಗನಿಗೆ ಗೊತ್ತಿರುವುದಿಲ್ಲ. ಆ ಸಾಲನ್ನು ಬಿಲ್ಲಿನಿಂದ ತೆಗೆದುಹಾಕು. ಅದರ ಬದಲು ‘ಬ್ಯಾಕಪ್’ ಅಂತ ಬರೆದು ನಿಜವಾಗಿ ಬ್ಯಾಕಪ್ ಮಾಡಿಕೊಡು, ಅದಕ್ಕೆ ದುಡ್ಡು ತೆಗೆದುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ವಿಂಡೋಸ್ 10 ಇಟ್ಟುಕೊಂಡು ಬಂದವರಿಗೆ, 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಿದೆ ಅಂತಲೂ ತಿಳಿಸು. ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ.

ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾಫಿಪುಡಿಯ ಡಬ್ಬದ ಜತೆ ಚೀಲದಲ್ಲಿಟ್ಟಿದ್ದೇನೆ. ಒಳಗೆ ನಿನ್ನ ಅತ್ತೆಯ ಹೊರನಾಡು ಫೋಟೊಗಳ ಫೋಲ್ಡರ್ ಇದೆ, ಅದನ್ನು ಮುಟ್ಟಬೇಡ, ಉಳಿದ ಜಾಗವೆಲ್ಲ ನಿನ್ನದೇ. ಯುಪಿಎಸ್ ಬ್ಯಾಟರಿಯ ನಂಬರು ನೋಡಿ ತಿಳಿಸು. ಮುಂದಿನ ವಾರ ಮಳೆ ಕಡಿಮೆಯಾದರೆ ಕಳಸಕ್ಕೆ ಹೋಗುತ್ತೇನೆ, ಅಲ್ಲಿ ಸಿಕ್ಕಿದರೆ ತರುತ್ತೇನೆ, ಇಲ್ಲದಿದ್ದರೆ ನೀನೇ ಚಿಕ್ಕಮಗಳೂರಿನಿಂದ ತರಿಸಿಕೋ. ಫ್ಲವರ್‌ಪಾಟಿಗೆ ಬೇರೆ ಸ್ಟೂಲು ನೋಡು.

ನಿನ್ನ ಅಮ್ಮನಿಗೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು.

ಇಂತಿ ನಿನ್ನ
ಸೋದರಮಾವ